ಸೊಬಗಿಗೆ ಅಂಕ ಕೊಡುವವರು

2010ರ ವ್ಯಾಂಕೂವರ್ ಚಳಿಗಾಲದ ಒಲಿಂಪಿಕ್ಸ್‌ನಲ್ಲಿ ಪುರುಷರ ಫಿಗರ್ ಸ್ಕೇಟಿಂಗ್ ಚಿನ್ನ ಅಮೆರಿಕದ ಇವಾನ್ ಲೈಸಾಚೆಕ್ ಪಾಲಾಯಿತು. ರಷ್ಯಾದ ಎವ್ಗೆನಿ ಪ್ಲುಶೆಂಕೊ ಬರೀ 1.31 ಅಂಕದಿಂದ ಹಿಂದೆ ಬಿದ್ದರು. ಪ್ಲುಶೆಂಕೊ ಗಾಳಿಯಲ್ಲಿ ನಾಲ್ಕು ಸುತ್ತು ಸುತ್ತಿ ಇಳಿಯುವ ಕ್ವಾಡ್ ಜಿಗಿತವನ್ನು ಮಾಡಿ ತೋರಿಸಿದ್ದರು. ಲೈಸಾಚೆಕ್ ಅದರ ಗೊಡವೆಗೇ ಹೋಗಿರಲಿಲ್ಲ. ಕ್ವಾಡ್ ಇಲ್ಲದ ಮೇಲೆ ಅದು ನೃತ್ಯವಾಯಿತೇ ಹೊರತು ಪುರುಷರ ಸ್ಕೇಟಿಂಗ್ ಅಲ್ಲ ಎಂಬ ಅರ್ಥದ ಮಾತನ್ನು ಪ್ಲುಶೆಂಕೊ ಆಡಿದರು. ಆ ಕ್ರೀಡೆಯ ಅಭಿಮಾನಿಗಳ ನಡುವೆ ಆಗ ಹೊತ್ತಿಕೊಂಡ ಜಗಳ ಇನ್ನೂ ಆರಿಲ್ಲ. ಒಂದು ಪಂಗಡಕ್ಕೆ ಪ್ಲುಶೆಂಕೊ ಧೀರ, ಇನ್ನೊಂದು ಪಂಗಡಕ್ಕೆ ಜಿಗಿತ ಜಿಗಿತಗಳ ನಡುವೆ ಖಾಲಿ ಬಿಟ್ಟ ಸೋಮಾರಿ. ಆದರೆ ನನಗೆ ಕುತೂಹಲ ಹುಟ್ಟಿಸುವುದು ಆ ರಾತ್ರಿಯ ಬೇರೊಂದು ಅಂಕಿ. ಫ್ರೀ ಸ್ಕೇಟ್ ಎನ್ನುವ ದೀರ್ಘ ಪ್ರದರ್ಶನದಲ್ಲಿ ಕಲಾತ್ಮಕತೆಗೆಂದು ಮೀಸಲಾದ ಭಾಗದಲ್ಲಿ ಇಬ್ಬರಿಗೂ ಸಿಕ್ಕಿದ್ದು 82.80. ಒಂದರಂತೆ ಇನ್ನೊಂದಿಲ್ಲದ ಎರಡು ಶೈಲಿಗಳು ದಶಮಾಂಶದ ಎರಡನೆಯ ಸ್ಥಾನದವರೆಗೂ ಸರಿಸಮ! ಅದೇ ಭಾಗದಲ್ಲಿ 84.50 ಪಡೆದ ಜಪಾನಿನ ಡೈಸುಕೆ ತಕಾಹಾಶಿ ಒಮ್ಮೆ ಬಿದ್ದಿದ್ದರಿಂದ ಕಂಚಿಗೆ ತೃಪ್ತರಾಗಬೇಕಾಯಿತು.

ಸೌಂದರ್ಯ ಇರುವುದು ವಸ್ತುವಿನಲ್ಲೋ ನೋಡುವ ಕಣ್ಣಿನಲ್ಲೋ ಎಂಬ ಹಳೆಯ ಪ್ರಶ್ನೆ ಇಲ್ಲಿ ಪುಸ್ತಕದಿಂದ ಎದ್ದು ಮಂಜುಗಡ್ಡೆಯ ಮೇಲೆ ಬಂದು ನಿಂತಿದೆ. ಕವಿತೆಗೆ, ರಾಗಕ್ಕೆ ಅಂಕ ಕೊಡಲೇಬೇಕೆಂಬ ಒತ್ತಾಯ ನಮಗಿಲ್ಲ. ಒಂದನ್ನು ಮೆಚ್ಚಿ, ಇನ್ನೊಂದನ್ನೂ ಮೆಚ್ಚಿ ಸುಮ್ಮನಿರಬಹುದು. ಇಲ್ಲಿ ಹಾಗಾಗದು. ಒಬ್ಬನಿಗೆ ಚಿನ್ನ, ಒಬ್ಬನಿಗೆ ಬೆಳ್ಳಿ ಹಂಚಲೇಬೇಕು, ಅದೂ ಅವತ್ತೇ. ಈ ಒತ್ತಡದಲ್ಲಿ ಎರಡು ತಪ್ಪು ದಾರಿಗಳು ಸುಲಭವಾಗಿ ತೆರೆದುಕೊಳ್ಳುತ್ತವೆ: ಸೊಬಗನ್ನು ಅಳೆದುಬಿಡಬಹುದು ಎಂಬುದು ಒಂದು, ಅದು ಬರೀ ಅವರವರ ಇಷ್ಟ ಎಂಬುದು ಇನ್ನೊಂದು. ನನ್ನ ವಾದ ಎರಡಕ್ಕೂ ವಿರುದ್ಧವಾದದ್ದು. ಕಲಾತ್ಮಕತೆಯ ಅಂಕವೆಂದರೆ ಅಳತೆಯಲ್ಲ, ತೀರ್ಪು. ತೀರ್ಪಾದ್ದರಿಂದಲೇ ಅದಕ್ಕೆ ಕಾರಣ ಕೇಳುವ ಹಕ್ಕು ನೋಡುಗರಿಗಿದೆ. ಅಭಿಮಾನಿಗಳ ವಾಗ್ವಾದ ಆ ಹಕ್ಕಿನ ಚಲಾವಣೆ.

ಅಳತೆಯ ಭ್ರಮೆ ಹೇಗೆ ಹುಟ್ಟಿತೆಂಬುದನ್ನು ಸ್ವಲ್ಪ ನೋಡಬೇಕು. ಮೊದಲು ಆರಕ್ಕೆ ಅಂಕ ಕೊಡುವ ಪದ್ಧತಿಯಿತ್ತು. 2002ರ ಸಾಲ್ಟ್ ಲೇಕ್ ಸಿಟಿ ಒಲಿಂಪಿಕ್ಸ್‌ನ ಜೋಡಿ ಸ್ಪರ್ಧೆಯಲ್ಲಿ ಫ್ರಾನ್ಸಿನ ತೀರ್ಪುಗಾರ್ತಿಯ ಮೇಲೆ ಒತ್ತಡವಿತ್ತೆಂಬ ಹಗರಣ ಸ್ಫೋಟಗೊಂಡು, ರಷ್ಯಾದ ಜೋಡಿಯ ಜೊತೆಗೆ ಕೆನಡಾದ ಜೋಡಿಗೂ ಚಿನ್ನ ಕೊಡಬೇಕಾಗಿ ಬಂತು. ಅದರ ಬೆನ್ನಿಗೆ ಅಂತರರಾಷ್ಟ್ರೀಯ ಸ್ಕೇಟಿಂಗ್ ಒಕ್ಕೂಟ 2004ರಲ್ಲಿ ಹೊಸ ಪದ್ಧತಿಯನ್ನು ಅಂಗೀಕರಿಸಿತು. ಇದರಲ್ಲಿ ಪ್ರತಿ ಜಿಗಿತಕ್ಕೂ ಒಂದು ಮೂಲ ಬೆಲೆಯಿದೆ. ಮುಂದೆ ಮುಖಮಾಡಿ ಚಿಮ್ಮಿ ನಾಲ್ಕೂವರೆ ಸುತ್ತು ಸುತ್ತಬೇಕಾದ ಕ್ವಾಡ್ ಆಕ್ಸೆಲ್‌ಗೆ ಈಗಿನ ಪಟ್ಟಿಯಲ್ಲಿ 12.50, ಟ್ರಿಪಲ್ ಆಕ್ಸೆಲ್‌ಗೆ 8. ಸುತ್ತು ಎಷ್ಟು ಕಡಿಮೆಯಾಯಿತೆಂಬುದನ್ನು ವಿಡಿಯೊ ನಿಲ್ಲಿಸಿ ನೋಡಬಹುದು. ಇದು ಅಳತೆಗೆ ತೀರ ಹತ್ತಿರದ ಕೆಲಸ, ಅದರ ಬಗ್ಗೆ ನನ್ನ ತಕರಾರಿಲ್ಲ. ಕಲಾತ್ಮಕತೆಯ ಭಾಗವನ್ನು ಮೊದಲು ಐದು ಅಂಶಗಳಾಗಿ ಒಡೆದರು; 2022ರಲ್ಲಿ ಅವನ್ನು ರಚನೆ, ಪ್ರಸ್ತುತಿ, ಸ್ಕೇಟಿಂಗ್ ಕೌಶಲ ಎಂದು ಮೂರಕ್ಕೆ ಇಳಿಸಿದರು. ಒಂದೊಂದಕ್ಕೂ ಹತ್ತಕ್ಕೆ ಇಷ್ಟೆಂದು, ಕಾಲು ಅಂಕದ ಮೆಟ್ಟಿಲಲ್ಲಿ, ದೊಡ್ಡ ಸ್ಪರ್ಧೆಗಳಲ್ಲಿ ಒಂಬತ್ತು ಜನ ಅಂಕ ಹಾಕುತ್ತಾರೆ. ಅತಿ ಹೆಚ್ಚಿನದನ್ನೂ ಅತಿ ಕಡಿಮೆಯದನ್ನೂ ಕಿತ್ತುಹಾಕಿ ಉಳಿದದ್ದರ ಸರಾಸರಿ ತೆಗೆಯುತ್ತಾರೆ. ಆಮೇಲೆ ಅದನ್ನು ಜಿಗಿತಗಳ ಮೊತ್ತಕ್ಕೆ ಕೂಡಿಸಿ ಒಂದೇ ಫಲಕದಲ್ಲಿ ತೋರಿಸುತ್ತಾರೆ. ಎರಡೂ ಒಂದೇ ಜಾತಿಯ ಸಂಖ್ಯೆಗಳಂತೆ ಕಾಣಿಸುವುದು ಇಲ್ಲಿಯೇ.

ಆದರೆ ಜಾತಿ ಬೇರೆ. ಒಂದು ಮೇಜಿನ ಉದ್ದವನ್ನು ಒಂಬತ್ತು ಸಲ ಅಳೆದು ಸರಾಸರಿ ತೆಗೆದರೆ ಕೈತಪ್ಪುಗಳು ಒಂದನ್ನೊಂದು ಹೊಡೆದುಹಾಕಿ ಸತ್ಯದ ಹತ್ತಿರ ಬರುತ್ತೇವೆ, ಏಕೆಂದರೆ ಮೇಜಿಗೆ ಅಳೆಯುವವರನ್ನು ಕೇಳದ ಒಂದು ಉದ್ದವಿದೆ. ಒಂಬತ್ತು ಜನ ಒಂದು ಪ್ರದರ್ಶನವನ್ನು ಒಂಬತ್ತು ರೀತಿಯಲ್ಲಿ ಅರ್ಥಮಾಡಿಕೊಂಡಾಗ ಬರುವ ಸರಾಸರಿ ಆ ಒಂಬತ್ತರಲ್ಲಿ ಒಬ್ಬರದೂ ಅಲ್ಲದ ಅಭಿಪ್ರಾಯವಾಗಿರಬಹುದು. ನಿಯಮಗಳೇ ಈ ಇಕ್ಕಟ್ಟನ್ನು ಬಯಲುಮಾಡುತ್ತವೆ. ಸ್ಕೇಟರ್ ಬಿದ್ದರೆ ಅಥವಾ ದೊಡ್ಡ ತಪ್ಪು ಮಾಡಿದರೆ ಕಲಾತ್ಮಕ ಅಂಶಗಳಲ್ಲಿ ಪೂರ್ಣಾಂಕ ಕೊಡಕೂಡದೆಂಬ ಮಿತಿ ಹಾಕಿದ್ದಾರೆ. ಬೀಳುವಿಕೆ ಸೊಬಗನ್ನು ಕೆಡಿಸುತ್ತದೆಯೇ ಎಂಬುದು ನೋಡಿ ನಿರ್ಧರಿಸಬೇಕಾದ ಪ್ರಶ್ನೆ; ಅದನ್ನು ಮೊದಲೇ ನಿರ್ಧರಿಸಿ ಇಟ್ಟಿದ್ದಾರೆ. ಈ ಮಿತಿ ಬರುವುದಕ್ಕೂ ಮುಂಚೆ, 2014ರ ಸೋಚಿಯಲ್ಲಿ, ಜಪಾನಿನ ಯುಜುರು ಹನ್ಯು ಫ್ರೀ ಸ್ಕೇಟ್‌ನಲ್ಲಿ ಎರಡು ಸಲ ಬಿದ್ದರು. ಆದರೂ ಕಲಾತ್ಮಕತೆಗೆ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಪಡೆದು ಚಿನ್ನ ಗೆದ್ದರು. ಅದು ಸರಿಯೋ ತಪ್ಪೋ ಎಂದು ವಾದಿಸಬಹುದು. ಮೀಟರ್ ಪಟ್ಟಿ ಹಿಡಿದು ಸಾಬೀತುಪಡಿಸಲಾಗದು.

ಹಾಗಿದ್ದರೆ ಈ ಭಾಗವನ್ನೇ ತೆಗೆದುಹಾಕಿ, ಎಣಿಸಬಹುದಾದ್ದನ್ನು ಮಾತ್ರ ಎಣಿಸಿ ಎನ್ನುವವರಿದ್ದಾರೆ. ಮೇಲ್ನೋಟಕ್ಕೆ ಪ್ರಾಮಾಣಿಕವಾದ ಸಲಹೆ. ಆದರೆ ಅದು ಕೌಶಲ ಮತ್ತು ಕಲೆ ಎರಡು ಬೇರೆ ಬೇರೆ ಪೆಟ್ಟಿಗೆಗಳಲ್ಲಿವೆ ಎಂದು ನಂಬುತ್ತದೆ. ಈ ಆಟದ ಇತಿಹಾಸ ಹಾಗೆ ಹೇಳುವುದಿಲ್ಲ. ಇಂಗ್ಲೆಂಡಿನ ಜಾನ್ ಕರಿ ಬಾಲ್ಯದಲ್ಲಿ ಬ್ಯಾಲೆ ಕಲಿಯಬೇಕೆಂದು ಆಸೆಪಟ್ಟಾಗ ತಂದೆ ಒಪ್ಪಲಿಲ್ಲ. ಸ್ಕೇಟಿಂಗ್ ಕ್ರೀಡೆಯಾದ್ದರಿಂದ ಅದಕ್ಕೆ ಅನುಮತಿ ಕೊಟ್ಟರು. ಗಂಡು ಹುಡುಗನಿಗೆ ನೃತ್ಯ ಬೇಡ, ಆಟ ಆಗಬಹುದು ಎಂಬ ಆ ಗೆರೆಯನ್ನು ಕರಿ 1976ರ ಇನ್ಸ್‌ಬ್ರುಕ್ ಒಲಿಂಪಿಕ್ಸ್ ಚಿನ್ನದಿಂದ ಅಳಿಸಿಹಾಕಿದರು. ಅವರ ಜಿಗಿತಗಳು ದುರ್ಬಲವಾಗಿರಲಿಲ್ಲ. ಜಿಗಿತಕ್ಕೆ ಒಯ್ಯುವ ಓಟ, ಇಳಿದ ಮೇಲೆ ದೇಹ ತೆರೆದುಕೊಳ್ಳುವ ರೀತಿ, ಎಲ್ಲವೂ ಒಂದೇ ಗೆರೆಯಲ್ಲಿದ್ದವು. ಅಂದು ಕಂಚು ಪಡೆದ ಕೆನಡಾದ ಟಾಲರ್ ಕ್ರ್ಯಾನ್‌ಸ್ಟನ್ ವೃತ್ತಿಯಿಂದಲೂ ಚಿತ್ರಕಾರ, ಕರಿಗಿಂತ ಪೂರ್ತಿ ಬೇರೆ ಪ್ರಕೃತಿ: ಒಬ್ಬರದು ಸಂಯಮ, ಇನ್ನೊಬ್ಬರದು ಉಕ್ಕುವ ಆವೇಶ. ಸುಮಾರು ನಾಲ್ಕು ಮಿಲಿಮೀಟರ್ ಅಗಲದ ಉಕ್ಕಿನ ಅಲಗಿನ ಒಂದು ಅಂಚಿನ ಮೇಲೆ ಮೈಯನ್ನೆಲ್ಲ ಒರಗಿಸಿ, ವೇಗ ಕಳೆದುಕೊಳ್ಳದೆ ವಕ್ರವಾಗಿ ಹರಿಯುವುದು ಕೌಶಲವೋ ಕಲೆಯೋ? ಉತ್ತರ ಕೊಡಲು ಹೊರಟರೆ ಪ್ರಶ್ನೆಯೇ ಸರಿಯಿಲ್ಲವೆಂದು ತಿಳಿಯುತ್ತದೆ. ಕ್ವಾಡ್ ಇಲ್ಲದೆಯೇ 2022ರ ಬೀಜಿಂಗ್‌ನಲ್ಲಿ ಆರನೆಯವರಾದ ಅಮೆರಿಕದ ಜೇಸನ್ ಬ್ರೌನ್ ಅವರನ್ನು ಕಲಾವಿದ ಎಂದು ಕರೆದು ಬದಿಗಿಡುವವರು, ಅವರ ಅಂಚುಗಳ ಆಳ ಎಷ್ಟು ದುಸ್ಸಾಧ್ಯ ಕೌಶಲವೆಂಬುದನ್ನು ಮರೆಯುತ್ತಾರೆ. ಎಣಿಕೆಗೆ ಸಿಗುವುದನ್ನು ಮಾತ್ರ ಉಳಿಸಿದರೆ ಉಳಿಯುವುದು ಕೌಶಲವಲ್ಲ, ಕೌಶಲದ ಎಣಿಕೆಗೆ ಸಿಗುವ ತುಣುಕು.

ಎರಡನೆಯ ಆಕ್ಷೇಪ ಇನ್ನೂ ಗಟ್ಟಿಯಾದದ್ದು. ಅಳೆಯಲು ಬಾರದ ಮೇಲೆ ಅದು ಅವರವರ ರುಚಿಯೇ ತಾನೆ, ವಾದ ಏಕೆ? ಸ್ಕಾಟ್ಲೆಂಡಿನ ತತ್ವಜ್ಞಾನಿ ಡೇವಿಡ್ ಹ್ಯೂಮ್ 1757ರ ಪ್ರಬಂಧವೊಂದರಲ್ಲಿ ಡಾನ್ ಕ್ವಿಕ್ಸೋಟ್ ಕಾದಂಬರಿಯ ಒಂದು ಪ್ರಸಂಗವನ್ನು ಎತ್ತಿಕೊಂಡು ಇದಕ್ಕೆ ಉತ್ತರಿಸಿದ. ಮದ್ಯ ರುಚಿನೋಡಿದ ಇಬ್ಬರಲ್ಲಿ ಒಬ್ಬ ಚರ್ಮದ ವಾಸನೆಯಿದೆ ಎಂದ, ಇನ್ನೊಬ್ಬ ಕಬ್ಬಿಣದ್ದು ಎಂದ, ಜನ ನಕ್ಕರು, ಪೀಪಾಯಿ ಬರಿದಾದಾಗ ತಳದಲ್ಲಿ ಚರ್ಮದ ಪಟ್ಟಿ ಕಟ್ಟಿದ ಕೀಲಿಕೈ ಸಿಕ್ಕಿತು. ರುಚಿಯಲ್ಲೂ ಸೂಕ್ಷ್ಮ-ಸ್ಥೂಲಗಳಿವೆ ಎಂಬುದು ಹ್ಯೂಮನ ತಾತ್ಪರ್ಯ. ಆದರೆ ಸೊಬಗಿನ ಪೀಪಾಯಿಯ ತಳದಲ್ಲಿ ಕೀಲಿಕೈ ಇರುವುದಿಲ್ಲವಲ್ಲ. ಅಲ್ಲಿ ಜರ್ಮನಿಯ ತತ್ವಜ್ಞಾನಿ ಕಾಂಟ್ ಹೆಚ್ಚು ಉಪಯೋಗಕ್ಕೆ ಬರುತ್ತಾನೆ. 1790ರಲ್ಲಿ ಅವನು ಹೇಳಿದ್ದರ ಸಾರವಿಷ್ಟು: ನನಗೆ ಇಷ್ಟ ಎನ್ನುವವನು ತನ್ನ ಬಗ್ಗೆ ಮಾತಾಡುತ್ತಿದ್ದಾನೆ, ಇದು ಸುಂದರ ಎನ್ನುವವನು ಎಲ್ಲರ ಒಪ್ಪಿಗೆಯನ್ನು ಕೋರುತ್ತಿದ್ದಾನೆ, ಆದರೆ ಆ ಒಪ್ಪಿಗೆಯನ್ನು ಸೂತ್ರ ಹಾಕಿ ವಸೂಲಿ ಮಾಡಲಾರ. ಸ್ಕೇಟಿಂಗ್ ಅಭಿಮಾನಿಗಳ ಮಾತುಕತೆಯ ಒಳ್ಳೆಯ ಭಾಗ ನಡೆಯುವುದು ಸರಿಯಾಗಿ ಈ ಇಕ್ಕಟ್ಟಿನಲ್ಲೇ. ಅಲ್ಲಿ ಒಬ್ಬರು ಇನ್ನೊಬ್ಬರಿಗೆ ಬೆರಳು ಮಾಡಿ ತೋರಿಸುತ್ತಾರೆ. ನೋಡು, ಈ ಜಿಗಿತಕ್ಕೆ ಮುಂಚೆ ಅವನು ಎಷ್ಟು ಹೊತ್ತು ಸುಮ್ಮನೆ ಓಡಿದ. ನೋಡು, ಇವನು ನೇರವಾಗಿ ಹೆಜ್ಜೆಯ ತಿರುವಿನಿಂದಲೇ ಚಿಮ್ಮಿದ. ಹನ್ಯು ಅವರ ‘ಸೇಮೆ’ ಕಾರ್ಯಕ್ರಮವನ್ನೇ ತೆಗೆದುಕೊಳ್ಳಿ. ಅಬೆ ನೊ ಸೇಮೆ ಎಂಬ ಪ್ರಾಚೀನ ಜಪಾನಿನ ಮಂತ್ರಜ್ಞನ ಪಾತ್ರ ಅದು. ಚಲನಚಿತ್ರದಲ್ಲಿ ಆ ಪಾತ್ರ ಮಾಡಿದ ಕ್ಯೋಗೆನ್ ನಟ ನೊಮುರಾ ಮನ್ಸಾಯ್ ಅವರನ್ನು ಹನ್ಯು ಕಂಡು ನಿಲುವು-ಕೈಚಲನೆಗಳ ಅರ್ಥ ಚರ್ಚಿಸಿದ್ದರು. ಇದು ಗೊತ್ತಾದ ಮೇಲೆ ಆರಂಭದ ಭಂಗಿ ಬೇರೆಯಾಗಿ ಕಾಣುತ್ತದೆ. ಗೊತ್ತಿದ್ದಮಾತ್ರಕ್ಕೆ ಸುಂದರವಾಗಿಬಿಡಬೇಕಿಲ್ಲ, ಅದು ಬೇರೆ ಮಾತು. ಆದರೆ ತೋರಿಸಿಕೊಟ್ಟಾಗ ಕಾಣುವಂಥದ್ದು ಒಂದಿದೆ ಎಂದಮೇಲೆ ಇದು ಬರೀ ಅವರವರ ಇಷ್ಟವಲ್ಲ.

ಸ್ಪರ್ಧೆಯಲ್ಲಿ ಕಲೆಯನ್ನು ತೂಗುವ ಕಷ್ಟ ಯುರೋಪಿನವರಿಗೆ ಮಾತ್ರ ಎದುರಾದದ್ದಲ್ಲ. ಭರತನ ನಾಟ್ಯಶಾಸ್ತ್ರದ 27ನೆಯ ಅಧ್ಯಾಯ ಪೂರ್ತಿ ಇದಕ್ಕೇ ಮೀಸಲು. ಪ್ರಯೋಗದ ಗೆಲುವು-ಸೋಲು, ಅದಕ್ಕೆ ಬರುವ ವಿಘ್ನಗಳು, ಪೈಪೋಟಿಯಲ್ಲಿ ಗೆದ್ದವರಿಗೆ ಪತಾಕೆ, ತೀರ್ಪು ಹೇಳುವ ಪ್ರಾಶ್ನಿಕರು, ಎಲ್ಲವೂ ಅಲ್ಲಿವೆ. ಪ್ರಾಶ್ನಿಕರ ಪಟ್ಟಿ ಸೊಗಸಾದದ್ದು: ಯಜ್ಞ ಬಲ್ಲವನು, ನರ್ತಕ, ಛಂದಸ್ಸು ಬಲ್ಲವನು, ವ್ಯಾಕರಣ ಬಲ್ಲವನು, ಬಿಲ್ಲುಗಾರ, ಚಿತ್ರಕಾರ, ವೇಶ್ಯೆ, ಗಾಯಕ ಮುಂತಾದವರು. ಒಬ್ಬೊಬ್ಬರೂ ತಮಗೆ ಗೊತ್ತಿರುವ ವಿಷಯದಲ್ಲಿ ಮಾತ್ರ ಮಾತಾಡಬೇಕು. ಒಂಬತ್ತು ಜನ ಒಂದೇ ಮೂರು ಅಂಶಗಳಿಗೆ ಅಂಕ ಹಾಕುವುದಕ್ಕಿಂತ ಇದು ಜಾಣತನದ ವ್ಯವಸ್ಥೆ ಎಂದು ನನಗನ್ನಿಸುತ್ತದೆ. ಪ್ರೇಕ್ಷಕರನ್ನೂ ಭರತ ಬಿಡಲಿಲ್ಲ. ನಗು, ಉದ್ಗಾರ, ರೋಮಾಂಚ, ಎದ್ದು ನಿಲ್ಲುವುದು, ಬಟ್ಟೆ-ಉಂಗುರ ಎಸೆಯುವುದು ಇವೆಲ್ಲ ಮಾನುಷಿ ಸಿದ್ಧಿಯ ಗುರುತುಗಳು. ಸದ್ದು ಗದ್ದಲವಿಲ್ಲದೆ ರಂಗ ತುಂಬಿರುವುದು ದೈವಿಕಿ ಸಿದ್ಧಿ. ಹನ್ಯು ಪ್ರದರ್ಶನ ಮುಗಿದೊಡನೆ ಮಂಜಿನ ಮೇಲೆ ವಿನ್ನಿ-ದ-ಪೂ ಗೊಂಬೆಗಳ ಮಳೆ ಸುರಿಯುತ್ತಿದ್ದುದನ್ನು ಭರತ ಕಂಡಿದ್ದರೆ ಯಾವ ವಿಭಾಗಕ್ಕೆ ಸೇರಿಸಬೇಕೆಂದು ತಡವರಿಸುತ್ತಿರಲಿಲ್ಲ. ಆದರೆ ಗಮನಿಸಿ, ಅವನ ದೃಷ್ಟಿಯಲ್ಲಿ ಅದು ಎರಡನೆಯ ದರ್ಜೆಯ ಗೆಲುವು.

ಇಷ್ಟು ಹೇಳಿದ ಮೇಲೂ ಪಕ್ಷಪಾತದ ಪ್ರಶ್ನೆ ಉಳಿಯುತ್ತದೆ. ತೀರ್ಪುಗಾರರು ತಮ್ಮ ದೇಶದವರಿಗೆ ಹೆಚ್ಚು ಅಂಕ ಕೊಡುತ್ತಾರೆಂಬುದು ಬರೀ ಗುಮಾನಿಯಲ್ಲ. ಅಮೆರಿಕದ ಅರ್ಥಶಾಸ್ತ್ರಜ್ಞ ಎರಿಕ್ ಜಿಟ್ಜೆವಿಟ್ಜ್ ಅಂಕಪಟ್ಟಿಗಳನ್ನು ಜಾಲಾಡಿ ಇದನ್ನು ತೋರಿಸಿದ್ದಾರೆ. ಸ್ಕೀ ಜಂಪಿಂಗ್‌ನಲ್ಲಿ ಒಬ್ಬರ ಪಕ್ಷಪಾತವನ್ನು ಉಳಿದ ತೀರ್ಪುಗಾರರು ಸರಿದೂಗಿಸುತ್ತಿದ್ದರೆ, ಫಿಗರ್ ಸ್ಕೇಟಿಂಗ್‌ನಲ್ಲಿ ಕೊಟ್ಟು-ಕೊಳ್ಳುವ ವ್ಯವಹಾರದ ಸುಳಿವು ಅವರಿಗೆ ಕಂಡಿತು. ಇದರಿಂದ ಸೊಬಗಿನ ತೀರ್ಪೆಲ್ಲ ಸುಳ್ಳೆಂದು ಕೆಲವರು ತೀರ್ಮಾನಿಸುತ್ತಾರೆ. ನನಗೆ ಕಾಣುವುದು ಇದರ ತದ್ವಿರುದ್ಧ. ಪಕ್ಷಪಾತವಾಗಿದೆ ಎಂದು ದೂರಬೇಕಾದರೆ ಪಕ್ಷಪಾತವಿಲ್ಲದ ತೀರ್ಪೊಂದು ಸಾಧ್ಯವೆಂದು ಒಪ್ಪಿರಲೇಬೇಕು. ಎಲ್ಲವೂ ಇಷ್ಟದ ಮಾತೇ ಆಗಿದ್ದರೆ ಸ್ವದೇಶದವನನ್ನು ಇಷ್ಟಪಟ್ಟ ತೀರ್ಪುಗಾರ ಮಾಡಿದ ಅಪರಾಧವೇನು?

ಅಭಿಮಾನಿಗಳೂ ಇದಕ್ಕೆ ಹೊರತಲ್ಲ. ರಸಾನುಭವಕ್ಕೆ ಅಡ್ಡಬರುವ ವಿಘ್ನಗಳನ್ನು ಹೇಳುತ್ತಾ ನಾಟ್ಯಶಾಸ್ತ್ರದ ವ್ಯಾಖ್ಯಾನಕಾರ ಅಭಿನವಗುಪ್ತ, ನೋಡುಗ ತನ್ನದೇ ಸುಖದುಃಖಗಳಿಗೆ ವಶವಾಗಿಬಿಡುವುದನ್ನು ಅವುಗಳಲ್ಲೊಂದಾಗಿ ಎಣಿಸುತ್ತಾನೆ. ನೆಚ್ಚಿನವನು ಗೆಲ್ಲಲೆಂದು ಉಸಿರು ಬಿಗಿಹಿಡಿದು ಕೂತವನ ಸ್ಥಿತಿ ಇದೇ. 2022ರ ಬೀಜಿಂಗ್‌ನಲ್ಲಿ ಹನ್ಯು ಕ್ವಾಡ್ ಆಕ್ಸೆಲ್‌ಗೆ ಯತ್ನಿಸಿ ಬಿದ್ದರು, ಸುತ್ತೂ ಪೂರ್ತಿಯಾಗಲಿಲ್ಲ, ಒಟ್ಟಾರೆ ನಾಲ್ಕನೆಯವರಾದರು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಲೇಕ್ ಪ್ಲಾಸಿಡ್‌ನಲ್ಲಿ 17ರ ಹುಡುಗ ಇಲಿಯಾ ಮಲಿನಿನ್ ಅದನ್ನು ಮೊದಲ ಬಾರಿಗೆ ಸರಿಯಾಗಿ ಇಳಿಸಿದ. ಆದರೂ ಆ ಬೀಳುವಿಕೆಯೇ ಸ್ಕೇಟಿಂಗ್‌ನ ಅತಿ ಸುಂದರ ಗಳಿಗೆ ಎನ್ನುವ ಅಭಿಮಾನಿಗಳು ಬೇಕಾದಷ್ಟು ಮಂದಿ. ಈ ಮಾತನ್ನು ನಾನು ಒಪ್ಪಲಾರೆ. ಎರಡು ಒಲಿಂಪಿಕ್ ಚಿನ್ನ ಗೆದ್ದವನು ಮೂರನೆಯದನ್ನು ಪಣಕ್ಕಿಟ್ಟು ಯಾರೂ ಮಾಡದ್ದಕ್ಕೆ ಕೈಹಾಕಿದ್ದು ಗೌರವಕ್ಕೆ ಅರ್ಹ, ಆದರೆ ಅದು ನಡತೆಯ ಗೌರವ. ಸೊಬಗಿನ ಖಾತೆಗೆ ಅದನ್ನು ಜಮಾ ಮಾಡಿದರೆ ದೇಶಾಭಿಮಾನದ ತೀರ್ಪುಗಾರನಿಗೂ ನಮಗೂ ವ್ಯತ್ಯಾಸ ಉಳಿಯುವುದಿಲ್ಲ. ಈ ವಿಂಗಡಣೆ ಸಾಧ್ಯವಾಗುವುದೂ ವಾದದಿಂದಲೇ. ಅಂಕ ಅದನ್ನು ಮಾಡಿಕೊಡುವುದಿಲ್ಲ.

ಆದ್ದರಿಂದ ಒಂದು ಬೇಡಿಕೆ. ನ್ಯಾಯಾಲಯದ ತೀರ್ಪಿಗೆ ಕಾರಣಗಳಿರಬೇಕೆಂದು ನಾವು ಪಟ್ಟು ಹಿಡಿಯುತ್ತೇವೆ. ಸೊಬಗಿನ ತೀರ್ಪಿಗೂ ಇರಲಿ. 9.25 ಹಾಕಿದ ಪ್ರತಿಯೊಬ್ಬರೂ ತಾವು ಏನು ಕಂಡೆವೆಂದು ಎರಡು ವಾಕ್ಯ ಬರೆದು ಸಹಿ ಮಾಡಲಿ. ಸ್ಪರ್ಧೆಯ ನಡುವೆ ಪುರುಸೊತ್ತಿಲ್ಲವೆಂಬುದು ನಿಜ, ಪದಕ ಹಂಚಿದ ಮರುದಿನ ಬರೆದರೂ ಸಾಕು. ಎರಡು ವಾಕ್ಯದಲ್ಲಿ ಸೊಬಗು ಹಿಡಿಯದು ಎಂದರೆ, ಒಂದು ಸಂಖ್ಯೆಯಲ್ಲಿ ಅದು ಹಿಡಿದದ್ದು ಹೇಗೆಂದು ಕೇಳಬೇಕಾಗುತ್ತದೆ. 2002ರ ಹಗರಣದ ನಂತರ ಯಾರು ಎಷ್ಟು ಅಂಕ ಕೊಟ್ಟರೆಂಬುದನ್ನು ವರ್ಷಗಟ್ಟಲೆ ಗುಟ್ಟಾಗಿಟ್ಟಿದ್ದ ಒಕ್ಕೂಟ 2016ರಲ್ಲಿ ಆ ಗುಟ್ಟಿನ ಪದ್ಧತಿಯನ್ನು ಕೈಬಿಟ್ಟಿತು. ಈಗ ಅಂಕದ ಪಕ್ಕದಲ್ಲಿ ತೀರ್ಪುಗಾರರ ಹೆಸರಿದೆ, ಕಾರಣವಿಲ್ಲ.