ಪ್ರಶ್ನೆ ಕೇಳುವವರ ಧರ್ಮ

ತಾಲ್ಲೂಕು ಪಟ್ಟಣವೊಂದರ ಖಾಸಗಿ ಪ್ರೌಢಶಾಲೆಗೆ ಗಣಿತದ ಉಪಾಧ್ಯಾಯರೊಬ್ಬರು ಬೇಕಾಗಿರುವರೆಂದೂ, ಆ ಒಂದು ಸ್ಥಾನಕ್ಕೆ ಇಪ್ಪತ್ತು ಮಂದಿ ಉಮೇದುವಾರರು ಬಂದಿರುವರೆಂದೂ ವಾಚಕರು ಭಾವಿಸಿಕೊಳ್ಳಲಿ. ಒಳಗೆ ಮೇಜಿನ ಆಚೆ ಮೂವರು ಮಹನೀಯರು ಕುಳಿತಿದ್ದಾರೆ. ಹೊರಗೆ, ಬೆಳಗಿನ ಮೊದಲ ಬಸ್ಸಿಗೆ ಹೊರಟು ಬಂದವರು ಪ್ರಮಾಣಪತ್ರಗಳನ್ನು ತೊಡೆಯ ಮೇಲಿಟ್ಟುಕೊಂಡು ಬೆಂಚಿನ ಮೇಲೆ ಕಾದಿದ್ದಾರೆ. ಒಬ್ಬೊಬ್ಬರಿಗೂ ಹತ್ತು ನಿಮಿಷ. ಅಷ್ಟರೊಳಗೆ ಒಂದು ಮನೆಯ ಮುಂದಿನ ಮೂವತ್ತು ವರ್ಷದ ಅನ್ನವೂ, ಆ ಊರಿನ ಮಕ್ಕಳ ಮೂವತ್ತು ವರ್ಷದ ಗಣಿತವೂ ನಿಶ್ಚಯವಾಗಬೇಕು. ಉಮೇದುವಾರನು ಸಿದ್ಧನಾಗಿ ಬಂದಿರುವನೇ ಎಂದು ಎಲ್ಲರೂ ವಿಚಾರಿಸುತ್ತಾರೆ. ಕೇಳತಕ್ಕವರು ಸಿದ್ಧರಾಗಿ ಬಂದಿರುವರೇ ಎಂದು ವಿಚಾರಿಸುವವರು ಅಪರೂಪ.

ಮಾತುಕತೆಯಿಂದ ಮನುಷ್ಯನನ್ನು ಎಷ್ಟರಮಟ್ಟಿಗೆ ತಿಳಿಯಬಹುದೆಂಬ ಜಿಜ್ಞಾಸೆ ಹೊಸದಲ್ಲ. ಮೈಸೂರಿನ ಪ್ರಾಚ್ಯ ಗ್ರಂಥಾಲಯದಲ್ಲಿ 1905ರಲ್ಲಿ ಪಂಡಿತ ಆರ್. ಶಾಮಶಾಸ್ತ್ರಿಗಳ ಕಣ್ಣಿಗೆ ಬಿದ್ದು, 1909ರಲ್ಲಿ ಅವರಿಂದಲೇ ಅಚ್ಚಾದ ಕೌಟಿಲ್ಯನ ಅರ್ಥಶಾಸ್ತ್ರದ ಮೊದಲನೆಯ ಅಧಿಕರಣದಲ್ಲಿ ಅಮಾತ್ಯರ ಗುಣಗಳನ್ನು ಪರೀಕ್ಷಿಸುವ ವಿಚಾರ ಬಂದಿದೆ. ಯಾವ ಗುಣವನ್ನು ಎಲ್ಲಿ ಹುಡುಕಬೇಕೆಂಬುದನ್ನು ಅಲ್ಲಿ ಬೇರೆಬೇರೆಯಾಗಿ ವಿಂಗಡಿಸಿದೆ. ಶಾಸ್ತ್ರದಲ್ಲಿನ ತಿಳಿವನ್ನು ಸಮಾನವಿದ್ಯರಿಂದ, ಎಂದರೆ ಅದೇ ವಿದ್ಯೆಯನ್ನು ಬಲ್ಲವರಿಂದ, ತಿಳಿಯಬೇಕು. ಪ್ರಜ್ಞೆಯನ್ನೂ ದಕ್ಷತೆಯನ್ನೂ ಕೆಲಸಕ್ಕೆ ಕೈಯಿಟ್ಟಾಗ ಕಾಣಬೇಕು. ಉತ್ಸಾಹವನ್ನೂ ಕಷ್ಟಸಹಿಷ್ಣುತೆಯನ್ನೂ ಆಪತ್ತಿನಲ್ಲಿ, ಶುಚಿತ್ವವನ್ನೂ ಸ್ನೇಹವನ್ನೂ ವ್ಯವಹಾರದಲ್ಲಿ, ಶೀಲವನ್ನು ಜೊತೆಯಲ್ಲಿ ವಾಸಮಾಡಿದವರಿಂದ ಅರಿಯಬೇಕು. ಹಾಗಾದರೆ ಮಾತುಕತೆಗೆ ಉಳಿದುದೇನು? ವಾಗ್ಮಿತೆ, ಪ್ರಾಗಲ್ಭ್ಯ, ಪ್ರತಿಭಾನ. ಚೆನ್ನಾಗಿ ಮಾತನಾಡುವುದು, ಅಂಜದಿರುವುದು, ತಟ್ಟನೆ ಹೊಳೆಯುವುದು. ಇವು ಮೂರೇ.

ಇಲ್ಲಿ ಸ್ವಲ್ಪ ನಿಂತು ಆಲೋಚಿಸತಕ್ಕದ್ದು. ಹತ್ತು ನಿಮಿಷ ಮಾತನಾಡಿಸಿ ಎದ್ದ ಪರೀಕ್ಷಕರು ಸಾಮಾನ್ಯವಾಗಿ ಏನೆನ್ನುತ್ತಾರೆ? “ಮನುಷ್ಯ ಒಳ್ಳೆಯವನು, ನಂಬಬಹುದು” ಎನ್ನುತ್ತಾರೆ. ಇಲ್ಲವೆ, “ಯಾಕೋ ಮನಸ್ಸಿಗೆ ಹಿಡಿಸಲಿಲ್ಲ” ಎನ್ನುತ್ತಾರೆ. ಕಂಡದ್ದು ವಾಗ್ಮಿತೆ, ತೀರ್ಪು ಕೊಟ್ಟದ್ದು ಶೀಲದ ಮೇಲೆ! ಇದು ಪರೀಕ್ಷಕರ ದುರುದ್ದೇಶವಲ್ಲ. ಪ್ರಮಾಣವಿಲ್ಲದ ಕಡೆ ಪ್ರಮೇಯವನ್ನು ಸಾಧಿಸಿದ ದೋಷ. ಕಣ್ಣಿನಿಂದ ರುಚಿಯನ್ನು ನಿರ್ಣಯಿಸಿದಂತೆ. ಆದಕಾರಣ ಸಂದರ್ಶಕನು ಕಲಿಯಬೇಕಾದ ಮೊದಲನೆಯ ವಿದ್ಯೆ ಪ್ರಶ್ನೆ ಕೇಳುವುದಲ್ಲ, ತನ್ನ ಪ್ರಶ್ನೆಗಳಿಗೆ ಎಟುಕದಿರುವುದು ಯಾವುದೆಂದು ಗೊತ್ತುಮಾಡಿಕೊಳ್ಳುವುದು.

ಹಾಗೆಂದು ಸಂದರ್ಶನವನ್ನೇ ಬಿಟ್ಟುಬಿಡಬೇಕೆ? ಕೆಲವೆಡೆ ಬಿಟ್ಟಿದ್ದಾರೆ. ಕೇಂದ್ರ ಸರ್ಕಾರದ ಕೆಳದರ್ಜೆಯ ಹುದ್ದೆಗಳಿಗೆ 2016ರ ಜನವರಿ 1ರಿಂದ ಸಂದರ್ಶನವನ್ನು ನಿಲ್ಲಿಸಲಾಯಿತು. ಆದರೆ ಮಾತೇ ಉಪಕರಣವಾಗಿರುವ ಉಪಾಧ್ಯಾಯವೃತ್ತಿಗೆ ಅದನ್ನು ಬಿಡುವುದು ಕಷ್ಟ. ಬಿಡುವುದಕ್ಕಿಂತ ಅದರ ಹೊರೆಯನ್ನು ಇಳಿಸುವುದು ಲೇಸು. ಮೂವರು ಪರೀಕ್ಷಕರಲ್ಲಿ ಒಬ್ಬರಾದರೂ ಗಣಿತವನ್ನು ಪಾಠಹೇಳಿದವರಾಗಿರಲಿ. ಉಮೇದುವಾರನ ಕೈಗೆ ಸೀಮೆಸುಣ್ಣ ಕೊಟ್ಟು ಒಂಬತ್ತನೆಯ ತರಗತಿಯ ಮಕ್ಕಳ ಮುಂದೆ ಇಪ್ಪತ್ತು ನಿಮಿಷ ನಿಲ್ಲಿಸಲಿ. ಭಿನ್ನರಾಶಿಯಿಂದ ಭಾಗಿಸುವಾಗ ಅದನ್ನು ತಲೆಕೆಳಗು ಮಾಡಿ ಗುಣಿಸುವುದೇಕೆಂದು ಮಗುವೊಂದು ಕೇಳಿದರೆ ಆತನು ಏನು ಮಾಡುತ್ತಾನೆ? ತಪ್ಪು ಉತ್ತರ ಹೇಳಿದ ಹುಡುಗಿಯನ್ನು ಕುಳ್ಳಿರಿಸಿಬಿಡುತ್ತಾನೆಯೋ, ಆ ತಪ್ಪು ಹುಟ್ಟಿದ ಸ್ಥಳವನ್ನು ಹುಡುಕುತ್ತಾನೆಯೋ? ಶೀಲದ ವಿಚಾರವನ್ನು, ಅವನಿಗೆ ತಿಳಿಸಿಯೇ, ಹಿಂದೆ ಅವನೊಡನೆ ಕೆಲಸಮಾಡಿದವರಲ್ಲಿ ಕೇಳಲಿ. ಇಷ್ಟಾದ ಮೇಲೆ ಮೇಜಿನ ಮುಂದಿನ ಮಾತಿಗೆ ಮಿಕ್ಕುವುದು ಅಲ್ಪ, ಆ ಅಲ್ಪವನ್ನು ಚೆನ್ನಾಗಿ ಮಾಡಬಹುದು.

ಚೆನ್ನಾಗಿ ಮಾಡುವ ಬಗೆ ಹೇಗೆ? “ತರಗತಿಯಲ್ಲಿ ಗಲಾಟೆಯಾದರೆ ಏನು ಮಾಡುವಿರಿ?” ಎಂದು ಕೇಳಿದರೆ, “ಪ್ರೀತಿಯಿಂದ ತಿದ್ದುವೆನು” ಎಂಬ ಉತ್ತರ ಸಿದ್ಧವಾಗಿರುತ್ತದೆ. ಕೇಳಿದವರಿಗೆ ತೃಪ್ತಿ, ಹೇಳಿದವನಿಗೆ ಪಾರಾದ ಸಮಾಧಾನ; ತಿಳಿದದ್ದು ಮಾತ್ರ ಸೊನ್ನೆ. ಅದರ ಬದಲು, “ಗಲಾಟೆಯಾದ ಒಂದು ದಿನವನ್ನು ನೆನೆದು ಹೇಳಿ. ಏನು ಮಾಡಿದಿರಿ? ಮಾರನೆಯ ದಿನ ಆ ಹುಡುಗ ಎಲ್ಲಿ ಕುಳಿತ?” ಎಂದು ಕೇಳಿದರೆ, ನಡೆಸಿದವನಿಗೆ ಹೇಳಲು ಉಂಟು, ಕಂಠಪಾಠ ಮಾಡಿದವನಿಗೆ ಇಲ್ಲ. ಇನ್ನೂ ಪಾಠಹೇಳದ ಹೊಸಬನಿಗೆ ಅವನು ಕಲಿತ ಕಾಲದ ಪ್ರಸಂಗವನ್ನೇ ಕೇಳಬಹುದು. ಪ್ರಶ್ನೆಗಳನ್ನು ಹಿಂದಿನ ದಿನವೇ ಬರೆದಿಟ್ಟುಕೊಂಡು ಎಲ್ಲರಿಗೂ ಒಂದೇ ಪ್ರಕಾರವಾಗಿ ಕೇಳಬೇಕು; ಒಬ್ಬನಿಗೆ ಸೇರಿನಲ್ಲಿ ಅಳೆದು, ಮತ್ತೊಬ್ಬನಿಗೆ ಬೊಗಸೆಯಲ್ಲಿ ಅಳೆದು, ಬಳಿಕ ಯಾರದು ಹೆಚ್ಚೆಂದು ಹೇಳುವುದು ಹೇಗೆ? ಮೊದಲೇ ಗೊತ್ತುಮಾಡಿದ ಪ್ರಶ್ನೆಗಳ ಸಂದರ್ಶನವು ಮನಬಂದಂತೆ ನಡೆಸಿದುದಕ್ಕಿಂತ ನಂಬತಕ್ಕದ್ದೆಂದು 1998ರಲ್ಲಿ ಷ್ಮಿಟ್ ಮತ್ತು ಹಂಟರ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರೂ, 2022ರಲ್ಲಿ ಸ್ಯಾಕೆಟ್ ಮತ್ತು ಅವರ ಸಂಗಡಿಗರೂ ಅನೇಕ ಪ್ರಯೋಗಗಳ ಫಲವನ್ನು ಒಟ್ಟುಮಾಡಿ ತೋರಿಸಿದ್ದಾರೆ.

ಮನಸ್ಸಿನ ಮತ್ತೊಂದು ಮೋಸವೂ ಉಂಟು. ಸೈನ್ಯದಲ್ಲಿ ಮೇಲಧಿಕಾರಿಗಳು ತಮ್ಮ ಕೈಕೆಳಗಿನವರಿಗೆ ಕೊಟ್ಟ ಅಂಕಗಳನ್ನು ಪರಿಶೀಲಿಸಿದ ಥಾರ್ನ್‌ಡೈಕ್ ಎಂಬ ವಿದ್ವಾಂಸನು, ಮೈಕಟ್ಟಿಗೆ ಹೆಚ್ಚು ಅಂಕ ಬಂದವನಿಗೆ ಬುದ್ಧಿಗೂ ಶೀಲಕ್ಕೂ ಹೆಚ್ಚು ಅಂಕ ಬಂದಿರುವುದನ್ನು 1920ರಲ್ಲಿ ಪ್ರಕಟಿಸಿದನು. ಇಸ್ತ್ರಿಮಾಡಿದ ಅಂಗಿಯೂ ನಿರರ್ಗಳವಾದ ಇಂಗ್ಲಿಷೂ ನಮ್ಮ ಕಡೆ ಇದೇ ಕೆಲಸ ಮಾಡುತ್ತವೆ. ಒಬ್ಬೊಬ್ಬ ಪರೀಕ್ಷಕನೂ ಒಬ್ಬೊಬ್ಬ ಉಮೇದುವಾರನು ಹೋದೊಡನೆ, ಪಕ್ಕದವರ ಮುಖ ನೋಡದೆ, ಪ್ರತಿಯೊಂದು ಉತ್ತರಕ್ಕೂ ಬೇರೆಬೇರೆಯಾಗಿ ಅಂಕವನ್ನು ಬರೆದಿಡುವುದು ಇದಕ್ಕೆ ಒಂದು ಮದ್ದು. ಸಭೆಯ ಹಿರಿಯರು ಕೊನೆಯಲ್ಲಿ ಬಾಯಿ ತೆರೆಯುವುದು ಇನ್ನೊಂದು. ಹಿರಿಯರಿಗೆ ಇದು ಕಹಿ.

ನ್ಯಾಯಸ್ಥಾನಗಳೂ ಈ ವಿಷಯವನ್ನು ತೂಗಿವೆ. ಮೈಸೂರು ಸಂಸ್ಥಾನವು ರಾಜ್ಯವಾದ ಮೇಲೆ, ಇಂಜಿನಿಯರಿಂಗ್ ಮತ್ತು ವೈದ್ಯಕೀಯ ಕಾಲೇಜುಗಳ ಪ್ರವೇಶಕ್ಕೆ ಸಂದರ್ಶನದ ಅಂಕಗಳನ್ನು ಸೇರಿಸಿದ್ದನ್ನು ಚಿತ್ರಲೇಖಾ ಎಂಬವರ ಮೊಕದ್ದಮೆಯಲ್ಲಿ ಪ್ರಶ್ನಿಸಿದಾಗ, 1964ರಲ್ಲಿ ಸುಪ್ರೀಂ ಕೋರ್ಟು ಆ ಪದ್ಧತಿಯನ್ನು ತಳ್ಳಿಹಾಕಲಿಲ್ಲ. ಆದರೆ 1980ರಲ್ಲಿ ಅಜಯ್ ಹಾಸಿಯಾ ಮೊಕದ್ದಮೆ ಬಂದಿತು. ಶ್ರೀನಗರದ ಇಂಜಿನಿಯರಿಂಗ್ ಕಾಲೇಜಿನಲ್ಲಿ ಬರಹದ ಪರೀಕ್ಷೆಗೆ 100 ಅಂಕ, ಸಂದರ್ಶನಕ್ಕೆ 50. ಒಬ್ಬೊಬ್ಬರ ಸಂದರ್ಶನವೂ ಎರಡು ಮೂರು ನಿಮಿಷ. ಕೇಳಿದ್ದು ತಂದೆತಾಯಿ ಯಾರು, ಊರು ಯಾವುದು ಎಂಬಂಥ ಪ್ರಶ್ನೆ. ಇದು ಸ್ವೇಚ್ಛಾಚಾರವೆಂದೂ, ಅಂಥ ಪ್ರವೇಶಕ್ಕೆ ಒಟ್ಟು ಅಂಕಗಳಲ್ಲಿ ನೂರಕ್ಕೆ ಹದಿನೈದಕ್ಕಿಂತ ಹೆಚ್ಚನ್ನು ಸಂದರ್ಶನಕ್ಕೆ ಇಡಕೂಡದೆಂದೂ ತೀರ್ಪಾಯಿತು. ತಂದೆಯ ಹೆಸರನ್ನು ಕೇಳುವ ಬಾಯಿಗೆ ಕುಲವೇ ಬೇಕಾಗಿರುತ್ತದೆಂಬುದನ್ನು ಬೆಂಚಿನ ಮೇಲೆ ಕಾದವರು ಬಲ್ಲರು. ಹೆಂಗಸರನ್ನು “ಮದುವೆಯಾದ ಮೇಲೆ ಕೆಲಸ ಬಿಡುವಿರೋ?” ಎಂದು ಕೇಳುವುದೂ ಇದೇ ಜಾತಿಯದು.

ಇದಕ್ಕಿಂತ ಕಠಿನವಾದುದು ಮತ್ತೊಂದಿದೆ. ಸತ್ಯವನ್ನು ತಿಳಿಯುವುದಕ್ಕಾಗಿ ಉಮೇದುವಾರನನ್ನು ವಂಚಿಸಬಹುದೆ? ಬೇಕೆಂದೇ ಗದರಿಸಿ, ಸರಿಯಾದ ಉತ್ತರವನ್ನು ತಪ್ಪೆಂದು ವಾದಿಸಿ, ಅವನು ಕುಗ್ಗುವನೋ ನಿಲ್ಲುವನೋ ಎಂದು ನೋಡುವವರುಂಟು. ಅದನ್ನು ಜಾಣತನವೆಂದು ಹೊಗಳುವವರೂ ಉಂಟು. ಅವರು ಅರ್ಥಶಾಸ್ತ್ರವನ್ನೇ ಸಾಕ್ಷಿಗೆ ಕರೆಯಬಹುದು. ಧರ್ಮ, ಅರ್ಥ, ಕಾಮ, ಭಯಗಳೆಂಬ ನಾಲ್ಕು ಉಪಧೆಗಳಿಂದ, ಎಂದರೆ ಗೂಢವಾಗಿ ಒಡ್ಡಿದ ಆಮಿಷ ಬೆದರಿಕೆಗಳಿಂದ, ಅಮಾತ್ಯರನ್ನು ಶೋಧಿಸುವುದು ಅಲ್ಲಿ ವಿಹಿತವಾಗಿದೆ. ಆದರೆ ಆ ಅಧ್ಯಾಯವನ್ನು ಕೊನೆಯವರೆಗೆ ಓದಬೇಕು. ಕೆಡದಿರುವವನನ್ನು ಕೆಡಿಸುವುದು ನೀರಿಗೆ ವಿಷವಿಟ್ಟಂತೆಂದೂ, ಒಮ್ಮೆ ಕದಡಿದ ಬುದ್ಧಿಯು ತಿಳಿಯಾಗದೆ ಹೋಗಬಹುದೆಂದೂ ಕೌಟಿಲ್ಯನು ಎಚ್ಚರಿಸುತ್ತಾನೆ. ರಾಜ್ಯವನ್ನು ಕಾಯಬೇಕಾದ ನಿಷ್ಠುರನಿಗೇ ಇಷ್ಟು ಅಳುಕಿದ್ದರೆ, ಮಗ್ಗಿ ಕಲಿಸುವವನನ್ನು ಆರಿಸುವವರಿಗೆ ಗದರಿಸುವ ಅಧಿಕಾರವೆಲ್ಲಿಯದು? ಕಠಿನ ಪ್ರಶ್ನೆ ಬೇರೆ, ಕಪಟ ಪ್ರಶ್ನೆ ಬೇರೆ.

ಛಾಂದೋಗ್ಯದ ಸತ್ಯಕಾಮನ ಕಥೆಯನ್ನು ಈ ದೃಷ್ಟಿಯಿಂದ ನೋಡಬಹುದು. ಗುರುವಾದ ಹಾರಿದ್ರುಮತ ಗೌತಮನು ಕೇಳಿದ್ದು ಗೋತ್ರವನ್ನು. ಇಂದು ಕೇಳಬಾರದ ಪ್ರಶ್ನೆ ಅದು. ಹುಡುಗನು, ತನಗೆ ತಿಳಿಯದು, ತಾಯಿ ಜಬಾಲೆಗೂ ತಿಳಿಯದು ಎಂದು ಆಕೆ ಹೇಳಿದುದನ್ನು ಹೇಳಿದಂತೆಯೇ ಒಪ್ಪಿಸಿದನು. ಅದರಿಂದ ಗೌತಮನು ಅವನ ಬ್ರಾಹ್ಮಣ್ಯವನ್ನೇ ಊಹಿಸಿದನೆಂಬುದು ದಿಟ, ಅದನ್ನು ಮುಚ್ಚಿಡಬೇಕಾದುದಿಲ್ಲ. ಆದರೂ ತಾನು ಕೇಳಿದ್ದು ಒಂದು, ಬಂದ ಉತ್ತರ ಇನ್ನೊಂದು ಎಂಬುದನ್ನು ಗುರುತಿಸುವ ಕಿವಿ ಅವನಿಗಿದ್ದಿತು. ಮೇಜಿನ ಮುಂದೆ “ಅದು ನನಗೆ ತಿಳಿಯದು” ಎಂದವನಿಗೆ ಸೊನ್ನೆ ಹಾಕಿ, ತಿಳಿಯದುದನ್ನು ತಿಳಿದಂತೆ ಹೇಳಿದವನಿಗೆ ಧೈರ್ಯದ ಅಂಕ ಕೊಡುವವರಿಗೆ ಆ ಕಿವಿಯಿಲ್ಲ. ಗೌತಮನು ಅಂದಿನ ಮಾತಿನಿಂದಲೇ ಎಲ್ಲವೂ ಮುಗಿಯಿತೆಂದುಕೊಳ್ಳಲೂ ಇಲ್ಲ. ಬಡಕಲಾದ ನಾನೂರು ಹಸುಗಳನ್ನು ಹುಡುಗನಿಗೆ ಒಪ್ಪಿಸಿದನು. ಅವು ಸಾವಿರವಾಗುವವರೆಗೆ ಹಿಂದಿರುಗಲಾರೆನೆಂದು ಹೊರಟ ಸತ್ಯಕಾಮನು ವರ್ಷಗಟ್ಟಲೆ ಕಾಡಿನಲ್ಲಿದ್ದನು. ನಮ್ಮ ಶಾಲೆಗಳಲ್ಲಿ ಹೊಸ ಉಪಾಧ್ಯಾಯರಿಗೆ ಪರೀಕ್ಷಾವಧಿಯೆಂಬುದೊಂದು ಇರುತ್ತದೆ. ಆ ಅವಧಿಯಲ್ಲಿ ಅವರ ತರಗತಿಯ ಹಿಂದಿನ ಬೆಂಚಿನಲ್ಲಿ ಒಂದು ದಿನವಾದರೂ ಹೋಗಿ ಕುಳಿತ ಆಡಳಿತ ಮಂಡಲಿಯವರು ಎಷ್ಟು ಮಂದಿ?

ಇನ್ನು ಆರಿಸಲ್ಪಡದ ಹತ್ತೊಂಬತ್ತು ಮಂದಿಯ ಮಾತು. ಸಂಜೆಯ ಬಸ್ಸಿಗೆ ಹೊರಟವರಿಗೆ “ತಿಳಿಸುತ್ತೇವೆ” ಎಂದು ಹೇಳಿರುತ್ತಾರೆ. ತಿಂಗಳು ಕಳೆದರೂ ಅಂಚೆಯಲ್ಲಿ ಏನೂ ಬರುವುದಿಲ್ಲ. ಆ ಮನೆಯವರು ಬೇರೆ ಕಡೆಯ ಕೆಲಸವನ್ನು ಒಪ್ಪಿಕೊಳ್ಳಲಾರದೆ ಕಾದಿರುತ್ತಾರೆ. ಉತ್ತರಗಳನ್ನೂ ಅಂಕಗಳನ್ನೂ ಅಂದೇ ಬರೆದಿಟ್ಟಿದ್ದರೆ, ಒಂದು ವಾರದೊಳಗೆ ಒಂದು ಕಾಗದವನ್ನು ಬರೆಯಬಹುದು. ಪಾಠದಲ್ಲಿ ಎಲ್ಲಿ ತಡವರಿಸಿದರೆಂದು ಕೇಳಿದವರಿಗೆ ಎರಡು ಸಾಲು ಹೇಳಲೂಬಹುದು. ಬರೆದಿಡದವರಿಗೆ ಹೇಳುವುದಕ್ಕೆ ಏನೂ ಇರುವುದಿಲ್ಲ.