ಉಪಗೂಹನವೂ ದೂರು ಕೊಡುವ ಧರ್ಮವೂ

ಸಾಧರ್ಮಿಯ ದೋಷವನ್ನು ಬೀದಿಗೆ ತಾರದೆ ಮರೆಮಾಡುವುದು ಉಪಗೂಹನ. ಸಮ್ಯಗ್ದರ್ಶನದ ಎಂಟು ಅಂಗಗಳಲ್ಲಿ ಅದೂ ಒಂದು. ಹಾಗಾದರೆ, ಜನರು ಭೀತಿಯಿಂದ ಕೊಳ್ಳಲು ಮುಗಿಬಿದ್ದ ಕಾಲದಲ್ಲಿ ಒಂದಕ್ಕೆ ನಾಲ್ಕರಂತೆ ಬೆಲೆ ಏರಿಸಿದ ವರ್ತಕನ ಮೇಲೆ ದೂರು ಕೊಡುವ ಶ್ರಾವಕನು ಈ ಅಂಗಕ್ಕೆ ಚ್ಯುತಿ ತಂದಂತಾಗುವುದೇ?

ಈ ಪ್ರಶ್ನೆ ಕೇವಲ ಗ್ರಂಥದ್ದಲ್ಲ. 2020ರ ಮಾರ್ಚ್ ತಿಂಗಳಲ್ಲಿ ಕೊರೋನಾ ವ್ಯಾಧಿಯ ಭಯದಿಂದ ಮುಖಗವಸು, ಸ್ಯಾನಿಟೈಸರುಗಳು ಅಂಗಡಿಗಳಿಂದ ಮಾಯವಾದವು. ಕೇಂದ್ರ ಸರಕಾರವು 13ರಂದು ಅವನ್ನು ಅವಶ್ಯಕ ವಸ್ತುಗಳ ಪಟ್ಟಿಗೆ ಸೇರಿಸಿತು; 21ರಂದು ಮೂರು ಪದರದ ಮುಖಗವಸಿಗೆ 10 ರೂಪಾಯಿ, 200 ಮಿ.ಲೀ. ಸ್ಯಾನಿಟೈಸರಿಗೆ 100 ರೂಪಾಯಿ ಎಂದು ಮಿತಿ ವಿಧಿಸಿತು. ಆಗ ಬಳ್ಳಾರಿ ಜಿಲ್ಲೆಯಲ್ಲಿದ್ದು 2021ರಲ್ಲಿ ವಿಜಯನಗರ ಜಿಲ್ಲೆಗೆ ಸೇರಿದ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳ ಮನೆಗಳಿಗೂ ಇಂದು ಮೊಬೈಲ್ ಫೋನಿನ ಮೂಲಕವೇ ಸರಕು ಬರುತ್ತದೆ. ಪೇಟೆಯ ಅಂಗಡಿಯವನ ಮುಖ ಗೊತ್ತು. ಅಂತರ್ಜಾಲದ ಮಾರಾಟಗಾರನ ಮುಖ ಯಾರಿಗೂ ಗೊತ್ತಿಲ್ಲ.

ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಪರಿಗ್ರಹಪರಿಮಾಣ ವ್ರತದ ಅತಿಚಾರಗಳೊಳಗೆ ಅತಿಸಂಗ್ರಹವನ್ನು ಎಣಿಸಿದ್ದಾರೆ. ಮುಂದೆ ಹೆಚ್ಚು ಲಾಭ ಬಂದೀತೆಂಬ ಲೋಭದಿಂದ ಧಾನ್ಯಾದಿಗಳನ್ನು ಕೂಡಿಡುವುದೇ ಅದು. ಅಷ್ಟಮಿಯಂದು ಉಪವಾಸದ ಪ್ರತಿಜ್ಞೆ ಕೈಗೊಂಡವನು ಅಂದೇ ಉಗ್ರಾಣಕ್ಕೆ ಬೀಗ ಹಾಕಿ ಬೆಲೆ ಏರುವುದನ್ನು ಕಾಯುತ್ತಿದ್ದರೆ, ಅವನು ಬಿಟ್ಟದ್ದು ಒಂದು ದಿನದ ಅನ್ನವನ್ನು ಮಾತ್ರ. ಉಪವಾಸಿಯದು ಸ್ವಇಚ್ಛೆಯ ತ್ಯಾಗ. ಬೆಲೆ ಕೇಳಿ ಬರಿಗೈಯಲ್ಲಿ ಹಿಂದಿರುಗಿದ ಕೂಲಿಯವನದು ಬಲವಂತದ ಹಸಿವು. ಇನ್ನು, ಹತ್ತು ಸೀಸೆ ಕೊಂಡು ಕಪಾಟಿನಲ್ಲಿಟ್ಟು ಹನ್ನೊಂದನೆಯದರ ಬೆಲೆಗೆ ಆಕ್ರೋಶಪಡುವ ಗ್ರಾಹಕನೂ ಈ ಅತಿಚಾರದಿಂದ ಹೊರತಲ್ಲ. ದೂರುವವನು ಮೊದಲು ತನ್ನ ಕಪಾಟು ನೋಡಿಕೊಳ್ಳಬೇಕು.

ಉಪಗೂಹನದ ಉದ್ದೇಶವಾದರೂ ಏನು? ಅಜ್ಞರಿಂದಲೋ ಅಶಕ್ತರಿಂದಲೋ ನಿರ್ಮಲವಾದ ಮಾರ್ಗಕ್ಕೆ ಬಂದೊದಗುವ ನಿಂದೆಯನ್ನು ನೀಗುವುದು. ತಿಳಿದೂ ತಿಳಿದೂ ಪರರ ಸಂಕಟವನ್ನು ತೂಗಿ ಮಾರುವವನ ಲಾಭವನ್ನು ಕಾಯುವುದು ಅದರ ಕೆಲಸವಲ್ಲ. ಆದರೂ ಆಕ್ಷೇಪವೊಂದು ಉಳಿಯುತ್ತದೆ, ಮತ್ತು ಅದು ಹಗುರವಾದುದಲ್ಲ: ಪರರಿಗೆ ವಿಪತ್ತು ತರುವ ಸತ್ಯವನ್ನೂ ಅಣುವ್ರತಿಯು ನುಡಿಯಬಾರದೆಂದು ಅದೇ ಆಚಾರ್ಯರು ವಿಧಿಸಿದ್ದಾರೆ. ಅವಶ್ಯಕ ವಸ್ತುಗಳ ಕಾಯಿದೆಯಂತೆ ತಪ್ಪಿತಸ್ಥನಿಗೆ 7 ವರ್ಷಗಳವರೆಗೆ ಸೆರೆವಾಸವಾಗಬಹುದು. ಅವನ ಮನೆಯಲ್ಲೂ ಮಕ್ಕಳಿದ್ದಾರೆ. ಇಲ್ಲಿ ಮೌನವೂ ವಿಪತ್ತನ್ನೇ ತರುತ್ತದೆ, ಅದೂ ನಿರಪರಾಧಿಗಳಾದ ಅನೇಕರಿಗೆ. ಎರಡನ್ನೂ ತೂಗಿದರೆ ದೂರಿನ ಕಡೆಗೇ ತಕ್ಕಡಿ ಬಾಗುತ್ತದೆ. ಆದರೆ ಅದು ಪೈಶುನ್ಯವಾಗದಂತೆ ನಡೆಯಬೇಕು.

ಸಗಟು ಬೆಲೆಯೇ ಏರಿದ್ದರೆ ಚಿಲ್ಲರೆ ಅಂಗಡಿಯವನದು ಅಪರಾಧವಲ್ಲ. ರಸೀತಿ, ಪೊಟ್ಟಣದ ಮೇಲಿನ ಗರಿಷ್ಠ ಮಾರಾಟ ಬೆಲೆ, ದಿನಾಂಕ ಇವು ಕೈಯಲ್ಲಿರಬೇಕು. ಅಂತರ್ಜಾಲದ ಮಾರುಕಟ್ಟೆಗಳಿಗೆ 2020ರ ಜುಲೈ 23ರ ನಿಯಮಗಳಂತೆ ಕುಂದುಕೊರತೆ ಅಧಿಕಾರಿಯಿರಲೇಬೇಕು. ಆತನು 48 ಗಂಟೆಗಳಲ್ಲಿ ದೂರನ್ನು ಸ್ವೀಕರಿಸಿದುದಾಗಿ ತಿಳಿಸಿ, ಒಂದು ತಿಂಗಳೊಳಗೆ ಇತ್ಯರ್ಥಪಡಿಸಬೇಕು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915. ಊರಿನ ವರ್ತಕನಾದರೆ ಮೊದಲು ಏಕಾಂತದಲ್ಲಿ ಹೇಳಿ ನೋಡುವುದು ಯುಕ್ತ; ಅದು ಸ್ಥಿತಿಕರಣ. ಆತ ಕೇಳದಿದ್ದರೆ ಕಾನೂನು ಮಾಪನಶಾಸ್ತ್ರ ಇಲಾಖೆಗೆ ಬರೆಯಬಹುದು. ಬಸದಿಯ ಜಗಲಿಯಲ್ಲಿ ಅವನ ಹೆಸರೆತ್ತುವ ಅಗತ್ಯವಿಲ್ಲ.