ನಲವತ್ತರ ಬೀಪಿ, ಎಪ್ಪತ್ತರ ಮರೆವು

ಕಿಬ್ಬನಹಳ್ಳಿ ಸೀಮೆಯ ಹಿರಿಯರು ಅಟ್ಟದ ಕಾಯನ್ನು ಕಿವಿಯ ಬಳಿ ಅಲ್ಲಾಡಿಸಿಯೇ ಒಳಗೆ ಕೊಬ್ಬರಿಯಾಯಿತೋ ಇಲ್ಲವೋ ಹೇಳಿಬಿಡುತ್ತಾರೆ. ಯಾವ ಸಾಲಿನ ಸಸಿ ಯಾವ ವರ್ಷ ನೆಟ್ಟಿದ್ದು, ನುಸಿ ಮೊದಲು ಎಲ್ಲಿ ಬಿತ್ತು, ಎಲ್ಲವೂ ಬಾಯಿಪಾಠ. ಅಂಥವರೇ ಕೊಟ್ಟ ಕೂಲಿಯನ್ನು ಮರೆತು ಮತ್ತೆ ಕೊಡುತ್ತಾರೆ, ತಮ್ಮದೇ ತೋಟದ ಬದುವಿನಲ್ಲಿ ದಾರಿ ತಪ್ಪುತ್ತಾರೆ. ‘ವಯಸ್ಸಾಯ್ತಲ್ಲ, ಅರಳುಮರಳು’ ಎಂದು ಮನೆಯವರು ಸುಮ್ಮನಾಗುತ್ತಾರೆ. ಹೀಗೆ ಸುಮ್ಮನಾಗುವುದು ಕಂಡರೆ ನನಗೆ ಸಂಕಟ. ಎಪ್ಪತ್ತರ ಮರೆವಿನ ಒಂದು ಬೇರು ನಲವತ್ತು, ಐವತ್ತರಲ್ಲೇ ಇಳಿದಿರಬಹುದು. ಅದು ನಾವು ಲೆಕ್ಕಕ್ಕಿಡದ ಬೀಪಿ.

ಮೈತೂಕದಲ್ಲಿ ಮಿದುಳಿನ ಪಾಲು ನೂರಕ್ಕೆ ಎರಡು. ಆದರೆ ಸುಮ್ಮನೆ ಕೂತಾಗಲೂ ಮೈಗೆ ಬೇಕಾದ ಆಮ್ಲಜನಕದಲ್ಲಿ ಐದರಲ್ಲೊಂದು ಪಾಲು ಅದಕ್ಕೇ ಹೋಗುತ್ತದೆ. ಅದನ್ನು ಮಿದುಳಿನ ಆಳಕ್ಕೆ ಮುಟ್ಟಿಸುವ ಸಣ್ಣ ರಕ್ತನಾಳಗಳು ವರ್ಷಗಟ್ಟಲೆ ಒತ್ತಡದ ಹೊಡೆತ ತಿಂದು ದಪ್ಪವಾಗುತ್ತವೆ, ಬಿರುಸಾಗುತ್ತವೆ. ರಕ್ತ ಸಾಲದೆ ಒಳಗಿನ ನರತಂತುಗಳು ಸೊರಗುತ್ತವೆ. 1906ರಲ್ಲಿ ಜರ್ಮನಿಯ ವೈದ್ಯ ಅಲೋಯಿಸ್ ಆಲ್ಝೈಮರ್ ವಿವರಿಸಿದ ಕಾಯಿಲೆಯಲ್ಲಿ ಅಮಿಲಾಯ್ಡ್ ಎಂಬ ಪ್ರೋಟೀನು ಮಿದುಳಿನಲ್ಲಿ ಗಡ್ಡೆಗಟ್ಟುತ್ತದೆ. ಈ ಕಸ ಹೊರಹೋಗುವ ದಾರಿಗಳಲ್ಲೊಂದು ರಕ್ತನಾಳದ ಗೋಡೆಯ ಗುಂಟವೇ ಇದೆ. ನಾಳದ ಮಿಡಿತ ಅದನ್ನು ತಳ್ಳಲು ನೆರವಾಗುತ್ತದೆ. ಬಿರುಸಾದ ನಾಳ ಚೆನ್ನಾಗಿ ಮಿಡಿಯದೆ ಕಸ ಉಳಿದುಹೋಗುತ್ತದೆ ಎಂದು ಸಂಶೋಧಕರು ಶಂಕಿಸುತ್ತಾರೆ. ಬೀಪಿ ಇಲ್ಲದವರಿಗೂ ಆಲ್ಝೈಮರ್ ಬರುತ್ತದೆ, ಹಾಗಾಗಿ ಕಾಯಿಲೆ ಬಂದವರನ್ನು ‘ನೀನೇ ತಂದುಕೊಂಡೆ’ ಎಂದು ಯಾರೂ ದೂರಬಾರದು.

ನಮ್ಮ ದೇಶದಲ್ಲಿ ಅರವತ್ತು ದಾಟಿದವರ ಪೈಕಿ ನೂರಕ್ಕೆ ಸುಮಾರು 7 ಮಂದಿಗೆ ಮರೆವಿನ ಕಾಯಿಲೆಯಿದೆ ಎಂದು 2023ರಲ್ಲಿ ಪ್ರಕಟವಾದ ಅಂದಾಜು ಹೇಳಿತು. ಪಟ್ಟಣಕ್ಕಿಂತ ಹಳ್ಳಿಯಲ್ಲೇ ಹೆಚ್ಚು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮಿದುಳು ಸಂಶೋಧನಾ ಕೇಂದ್ರದವರು ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗರನ್ನು, 45 ದಾಟಿದವರನ್ನು, ವರ್ಷದಿಂದ ವರ್ಷಕ್ಕೆ ಪರೀಕ್ಷಿಸುತ್ತಿರುವುದು ಈ ಕಾರಣಕ್ಕೇ.

ನನಗೆ ಧೈರ್ಯ ತಂದದ್ದು ಚೀನಾದ ಹಳ್ಳಿಗಳ ಸುದ್ದಿ. ಅಲ್ಲಿನ 326 ಹಳ್ಳಿಗಳಲ್ಲಿ, ಬೀಪಿ ಹತೋಟಿಯಲ್ಲಿಲ್ಲದ ಸುಮಾರು 34,000 ಜನರ ಮೇಲೆ ಒಂದು ಅಧ್ಯಯನ ನಡೆಯಿತು. ಅರ್ಧದಷ್ಟು ಹಳ್ಳಿಗಳಲ್ಲಿ, ದೊಡ್ಡ ಡಾಕ್ಟರಲ್ಲ, ಊರಿನ ಆರೋಗ್ಯ ಕಾರ್ಯಕರ್ತರೇ ಮಾತ್ರೆ ಕೊಟ್ಟು, ಬಿಡದೆ ವಿಚಾರಿಸಿಕೊಂಡರು. ನಾಲ್ಕು ವರ್ಷದಲ್ಲಿ ಆ ಹಳ್ಳಿಗಳಲ್ಲಿ ಮರೆವಿನ ಕಾಯಿಲೆ ಉಳಿದ ಹಳ್ಳಿಗಳಿಗಿಂತ ನೂರಕ್ಕೆ 15ರಷ್ಟು ಕಡಿಮೆಯಾಯಿತು. ಫಲಿತಾಂಶ ಪ್ರಕಟವಾದದ್ದು 2025ರಲ್ಲಿ. ನಮ್ಮ ಆಶಾ ಕಾರ್ಯಕರ್ತೆಯರಿಂದ, ಪ್ರಾಥಮಿಕ ಆರೋಗ್ಯ ಕೇಂದ್ರದ ನರ್ಸಮ್ಮನಿಂದ ಇದು ಆಗದ ಕೆಲಸವೇ?

ತೊಡಕಿರುವುದು ನಮ್ಮ ಮಾತಿನಲ್ಲಿ. ‘ಶುರು ಮಾಡಿದ್ರೆ ಸಾಯೋ ತನಕ ನುಂಗ್ಬೇಕು’, ‘ತಲೆ ಸುತ್ತಿಲ್ಲ, ಬಿಟ್ಟುಬಿಟ್ಟೆ’. ಬೀಪಿ ಏರಿದರೆ ಬಹಳ ಮಂದಿಗೆ ತಲೆಯೂ ಸುತ್ತುವುದಿಲ್ಲ, ನೋವೂ ಇರುವುದಿಲ್ಲ. ಪಟ್ಟಿ ಸುತ್ತಿ ನೋಡದೆ ಗೊತ್ತಾಗದು. ಉಪ್ಪಿನಕಾಯಿ, ಹಪ್ಪಳ, ಸಂಡಿಗೆಯೆಲ್ಲ ಸೇರಿ ದಿನಕ್ಕೆ 5 ಗ್ರಾಂ ಉಪ್ಪು ಸಾಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಬೀಡಿಯ ಮಾತು ಬೇರೆ ಹೇಳಬೇಕಿಲ್ಲ. ಮರೆವಿನ ಅಪ್ಪನನ್ನು ತಿಪಟೂರಿನ ಆಸ್ಪತ್ರೆಗೆ ಕರೆತಂದ ನಲವತ್ತೈದರ ಮಗ, ಅಪ್ಪನ ಚೀಟಿಯ ಜೊತೆಗೆ ತನ್ನದೂ ಒಂದು ಬರೆಸಲಿ. ಸಂಖ್ಯೆ 140/90 ದಾಟಿದ್ದರೆ ಡಾಕ್ಟರು ಹೇಳಿದಂತೆ ಇನ್ನೊಮ್ಮೆ ತೋರಿಸಲಿ, ಮಾತ್ರೆ ಬರೆದರೆ ತಾನಾಗಿ ಬಿಡದಿರಲಿ.